ಸಾಲ್ಮನ್ ಮೀನಿನ ಮೈಗೆ ಚುಚ್ಚದ ಫ್ಲೈ ಕಟ್ಟುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಸ ಸಂಖ್ಯೆಯ ವರ್ಷ ಬಂತೆಂದರೆ ಸಿಯಾಟಲ್ ಸುತ್ತಮುತ್ತಲಿನ ಕನ್ನಡದ ಗೆಳೆಯರಿಂದ ನನಗೆ ಫೋನು ಶುರುವಾಗುತ್ತದೆ. ಆಗಸ್ಟ್ ಹೊತ್ತಿಗೆ ಪಿಂಕ್ ಸಾಲ್ಮನ್ ನದಿ ಹತ್ತುತ್ತವೆ. ಸ್ನೊಹೊಮಿಶ್, ಸ್ಕೈಕೊಮಿಶ್, ಪುಯಾಲಪ್, ಸ್ಕ್ಯಾಜಿಟ್ ನದಿಗಳ ದಡದಲ್ಲಿ ಜನವೋ ಜನ. ಗಾಳಕ್ಕೆ ಗರಿ, ಕೂದಲು, ದಾರ ಕಟ್ಟಿ ಮಾಡುವ ಹುಸಿ ಎರೆಗೆ ಫ್ಲೈ ಎನ್ನುತ್ತಾರೆ. ಅದನ್ನು ಎಸೆಯಲು ಹೊಸದಾಗಿ ಫ್ಲೈ ರಾಡ್ ಕೊಂಡವರು ಮೊದಲ ವಾರವೇ ಕೇಳುವ ಮಾತು ಒಂದೇ: "ಮೀನು ಸಿಕ್ತು, ಆದ್ರೆ ಬಾಯಿಗಲ್ಲ, ಬೆನ್ನಿಗೆ ಚುಚ್ಕೊಂಡಿತ್ತು. ನಾನೇನು ತಪ್ಪು ಮಾಡ್ದೆ?" ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುತ್ತಿದ್ದ ಉತ್ತರಗಳನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಹೆಚ್ಚಿನ ಮಾತು ಪಿಂಕ್ ಸಾಲ್ಮನ್ ಬಗ್ಗೆ, ಏಕೆಂದರೆ ನನ್ನ ಕೈ ಪಳಗಿದ್ದು ಅದರಲ್ಲೇ.

ಫೌಲ್ ಹುಕಿಂಗ್ ಅಂದರೆ ಏನು?

ಮೀನು ತಾನಾಗಿ ಬಾಯಿ ಹಾಕದೆ, ಗಾಳ ಅದರ ಬೆನ್ನಿಗೋ, ಹೊಟ್ಟೆಗೋ, ರೆಕ್ಕೆಗೋ, ಬಾಲಕ್ಕೋ ಚುಚ್ಚಿಕೊಳ್ಳುವುದು. ಇಲ್ಲಿ ನಾನು ಅದನ್ನು ಸುಮ್ನೆ 'ಮೈಗೆ ಗಾಳ ಬೀಳುವುದು' ಎಂದೇ ಕರೆಯುತ್ತೇನೆ. ಬೇಕೆಂದೇ ಹಾಗೆ ಎಳೆದು ಚುಚ್ಚುವುದಕ್ಕೆ ಸ್ನ್ಯಾಗಿಂಗ್ ಎನ್ನುತ್ತಾರೆ. ಅದು ಬೇರೆ ವಿಷಯ, ಬಹಳ ಕಡೆ ಅಪರಾಧ. ಇಲ್ಲಿ ಹೇಳುವುದು ಗೊತ್ತಿಲ್ಲದೆ ಆಗುವುದರ ಬಗ್ಗೆ.

ಸಾಲ್ಮನ್‌ಗೇ ಯಾಕೆ ಇದು ಇಷ್ಟು ಜಾಸ್ತಿ ಆಗುತ್ತದೆ? ಊರಲ್ಲಿ ಗಾಳ ಹಾಕುವಾಗ ಹೀಗೆ ಆಗುತ್ತಿರಲಿಲ್ಲ.

ಒಳ್ಳೆಯ ಪ್ರಶ್ನೆ. ಊರಿನ ಹೊಳೆಯಲ್ಲಿ ಎರೆಹುಳ ಸಿಕ್ಕಿಸಿ ಕೂತರೆ ಹಸಿದ ಮೀನು ಹುಡುಕಿಕೊಂಡು ಬರುತ್ತದೆ. ಕಾವೇರಿಯ ಮಹಶೀರ್‌ಗೆ ರಾಗಿಹಿಟ್ಟಿನ ಉಂಡೆ ಹಾಕುತ್ತಿದ್ದರು, ಅದು ಬಂದು ನುಂಗುತ್ತಿತ್ತು. ಹಸಿವಿದೆ, ಊಟವಿದೆ, ಬಾಯಿ ತೆರೆಯುತ್ತದೆ. ಅಷ್ಟೇ ಲೆಕ್ಕ.

ಸಾಲ್ಮನ್ ಕಥೆ ಹಾಗಲ್ಲ. ಸಮುದ್ರದಲ್ಲಿ ತಿಂದು ಕೊಬ್ಬಿದ ಮೀನು ಮೊಟ್ಟೆ ಇಡಲು ನದಿಗೆ ಬಂದ ಮೇಲೆ ಊಟ ಬಿಡುತ್ತದೆ. ಅದರ ಹೊಟ್ಟೆಯೇ ಕುಗ್ಗಿಹೋಗುತ್ತದೆ. ನಮ್ಮ ಫ್ಲೈಗೆ ಅದು ಬಾಯಿ ಹಾಕುವುದು ಸಿಟ್ಟಿನಿಂದ, ಕುತೂಹಲದಿಂದ, ಇಲ್ಲಾ ಹಳೆಯ ಅಭ್ಯಾಸ ಬಲದಿಂದ. ಹಾಗಾಗಿ ಹತ್ತಾರು ಸಲ ಫ್ಲೈ ಮೂಗಿನ ಮುಂದೆ ಹೋದರೂ ಸುಮ್ಮನಿರುವ ಮೀನೇ ಜಾಸ್ತಿ.

ಇನ್ನೊಂದು ಕಾರಣ ಸಂದಣಿ. ಪಿಂಕ್ ಸಾಲ್ಮನ್ ಬದುಕುವುದು ಸರಿಯಾಗಿ ಎರಡು ವರ್ಷ. ಅದಕ್ಕೇ ಬೆಸ ವರ್ಷದ ಸಂತಾನ, ಸಮ ವರ್ಷದ ಸಂತಾನ ಎರಡೂ ಒಂದನ್ನೊಂದು ಕೂಡುವುದೇ ಇಲ್ಲ. ವಾಷಿಂಗ್ಟನ್‌ನಲ್ಲಿ, ಪಕ್ಕದ ಫ್ರೇಸರ್ ನದಿಯಲ್ಲಿ ಬೆಸ ವರ್ಷದ್ದೇ ದೊಡ್ಡ ಹಿಂಡು. 2021, 2023, 2025, ಹೀಗೆ. ಒಂದೂವರೆ ಎರಡು ಕಿಲೋ ತೂಗುವ ಮೀನುಗಳು ಮೊಣಕಾಲುದ್ದದ ನೀರಿನಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ. ಗಂಡಿನ ಬೆನ್ನು ಗೂನು ಬಂದು ಗೋಡೆಯ ಹಾಗೆ ಎದ್ದಿರುತ್ತದೆ. ಆ ಹಿಂಡಿನ ನಡುವೆ ಒಂದು ಲೈನ್ ಅಡ್ಡ ಹಾದರೆ ಯಾವುದಾದರೂ ಮೈಗೆ ಉಜ್ಜಲೇಬೇಕು. ಲೈನ್ ಬೆನ್ನ ಮೇಲೆ ಜಾರುತ್ತದೆ, ಹಿಂದೆ ಬರುವ ಗಾಳ ಬೆನ್ನಿನ ರೆಕ್ಕೆಗೆ ಬಂದು ಕೂರುತ್ತದೆ. ಆ ಉಜ್ಜುವಿಕೆ ನಮ್ಮ ಕೈಗೆ 'ಮೀನು ಕಚ್ಚಿತು' ಎನ್ನುವ ಹಾಗೆ ಬರುತ್ತದೆ. ನಾವು ಎಳೆಯುತ್ತೇವೆ. ಚುಚ್ಚಿತು.

ಮೈಗೆ ಬಿದ್ದರೆ ಏನಂತೆ? ಬಿಡಿಸಿ ನೀರಿಗೆ ಬಿಟ್ಟರಾಯಿತು, ಅಲ್ವಾ?

ಬಾಯಿಗೆ ಸಿಕ್ಕ ಮೀನನ್ನು ತಲೆ ಹಿಡಿದು ತಿರುಗಿಸಬಹುದು. ಬೇಗ ದಡಕ್ಕೆ ಬರುತ್ತದೆ. ಬೆನ್ನಿಗೆ ಸಿಕ್ಕ ಮೀನನ್ನು ಅಡ್ಡಡ್ಡ ಎಳೆಯಬೇಕು. ಅದರ ಪೂರ್ತಿ ಮೈ ಹರಿವಿಗೆ ಎದುರಾಗಿ ನಿಲ್ಲುತ್ತದೆ. ಬಾಲಕ್ಕೆ ಸಿಕ್ಕರೆ ಹಿಂದುಮುಂದಾಗಿ ಎಳೆದಂತೆ, ಕಿವಿರಿಗೆ ನೀರು ಸರಿಯಾಗಿ ಹೋಗುವುದೇ ಇಲ್ಲ. ಹೋರಾಟ ಎರಡು ಮೂರು ಪಟ್ಟು ಉದ್ದವಾಗುತ್ತದೆ, ಮೀನು ಬಸವಳಿಯುತ್ತದೆ. ಹುರುಪೆ ಉದುರುತ್ತದೆ, ಮೈಮೇಲಿನ ಲೋಳೆ ಹೋಗುತ್ತದೆ. ಊಟ ಬಿಟ್ಟು, ಉಳಿದಿರುವ ಕೊಬ್ಬಿನಲ್ಲೇ ಮೊಟ್ಟೆ ಇಡುವ ಜಾಗ ಮುಟ್ಟಬೇಕಾದ ಜೀವ ಅದು. ಕಳೆದ ಶಕ್ತಿಯನ್ನು ಮತ್ತೆ ತಿಂದು ತುಂಬಿಕೊಳ್ಳುವ ಹಾಗಿಲ್ಲ.

ನನ್ನ ಮೊದಲ ವರ್ಷ ಸ್ಕೈಕೊಮಿಶ್‌ನಲ್ಲಿ ಒಂದು ಹೆಣ್ಣು ಮೀನು ಹೊಟ್ಟೆಗೆ ಗಾಳ ಬಿದ್ದು ಬಂತು. ಗಾಳ ಬಿಡಿಸುವಾಗ ಗಾಯದ ಪಕ್ಕದಿಂದ ಕಿತ್ತಳೆ ಬಣ್ಣದ ಮೊಟ್ಟೆ ನಾಲ್ಕೈದು ನನ್ನ ಅಂಗೈ ಮೇಲೆ ಉರುಳಿದವು. ಆ ದಿನ ಸಂಜೆ ಮನೆಗೆ ಬಂದು ಪೆಟ್ಟಿಗೆಯಲ್ಲಿದ್ದ ಫ್ಲೈಗಳನ್ನೆಲ್ಲ ಮೇಜಿನ ಮೇಲೆ ಸುರಿದು ಒಂದೊಂದಾಗಿ ನೋಡಿದೆ. ಈ ಕೆಲಸಕ್ಕೆ ಕೈ ಹಾಕಿದ್ದು ಅವತ್ತಿನಿಂದ.

ಫ್ಲೈ ಬದಲಾಯಿಸಿದರೆ ನಿಜವಾಗಿ ಕಡಿಮೆಯಾಗುತ್ತದಾ?

ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಎಲ್ಲಿ ನಿಲ್ಲುತ್ತೀರಿ, ಯಾವ ಆಳಕ್ಕೆ ಬಿಡುತ್ತೀರಿ, ಯಾವಾಗ ಎಳೆಯುತ್ತೀರಿ ಎನ್ನುವುದು ಫ್ಲೈಗಿಂತ ದೊಡ್ಡದು. ಆದರೆ ಫ್ಲೈ ಸರಿಯಿಲ್ಲದಿದ್ದರೆ ಉಳಿದದ್ದೆಲ್ಲ ಸರಿಯಿದ್ದೂ ಮೈಗೆ ಬೀಳುತ್ತಲೇ ಇರುತ್ತದೆ. ನಾನು ಫ್ಲೈ ಕಟ್ಟುವಾಗ ಒಂದೇ ಮಾತು ನೆನಪಿಟ್ಟುಕೊಳ್ಳುತ್ತೇನೆ: ಮೀನು ಇದರ ಹತ್ತಿರ ಬರಬೇಕು, ಇದು ಮೀನಿನ ಮೈಮೇಲೆ ಹೋಗಬಾರದು. ಗಾಳದ ಅಳತೆ, ಭಾರ, ಬಾಲದ ಉದ್ದ ಎಲ್ಲವನ್ನೂ ಅದರ ಮೇಲೆಯೇ ತೀರ್ಮಾನ ಮಾಡುತ್ತೇನೆ.

ಯಾವ ಗಾಳ ತೆಗೆದುಕೊಳ್ಳಲಿ?

ಒಂಟಿ ಗಾಳ, ಸಣ್ಣದು. ಪಿಂಕ್‌ಗೆ 6 ಅಥವಾ 8 ನಂಬರ್ ಸಾಕು. ನಂಬರ್ ದೊಡ್ಡದಾದಷ್ಟೂ ಗಾಳ ಸಣ್ಣದು ಎನ್ನುವುದು ನೆನಪಿರಲಿ. ಮುಖ್ಯವಾಗಿ ನೋಡಬೇಕಾದ್ದು ಬಾಯಿ, ಅಂದರೆ ಗಾಳದ ತುದಿಗೂ ಅದರ ನೆಟ್ಟಗಿನ ಕಡ್ಡಿಗೂ ನಡುವಿನ ಅಗಲ. ಅದು ಅಗಲವಾದಷ್ಟೂ ರೆಕ್ಕೆ, ಬೆನ್ನು ಎಲ್ಲ ಅದರೊಳಗೆ ಸುಲಭವಾಗಿ ಸಿಕ್ಕುತ್ತವೆ. ಒಂದು ಕಂಪನಿಯ 6 ನಂಬರ್ ಇನ್ನೊಂದು ಕಂಪನಿಯ 6 ನಂಬರಿನಂತೆ ಇರುವುದಿಲ್ಲ. ಹಾಗಾಗಿ ಸ್ಕೇಲ್ ಇಟ್ಟು ಅಳೆಯಿರಿ. ಅಲಾಸ್ಕಾದ ರಷ್ಯನ್ ನದಿಯಲ್ಲಿ ಈ ಅಗಲ ಮುಕ್ಕಾಲು ಅಂಗುಲದ ಅರ್ಧ, ಅಂದರೆ ಸುಮಾರು 9.5 ಮಿಲಿಮೀಟರ್ ದಾಟಬಾರದು ಎಂದು ನಿಯಮವೇ ಇದೆ. ನಾನು ಎಲ್ಲಿ ಹೋದರೂ ಅದನ್ನೇ ಮಿತಿ ಮಾಡಿಕೊಂಡಿದ್ದೇನೆ.

ಕಡ್ಡಿ ಗಿಡ್ಡ ಇರಲಿ, ತಂತಿ ಗಟ್ಟಿ ಇರಲಿ. ತುದಿಯ ಹತ್ತಿರ ಹಿಂದಕ್ಕೆ ಎದ್ದಿರುವ ಸಣ್ಣ ಮುಳ್ಳನ್ನು, ಅಂದರೆ ಬಾರ್ಬನ್ನು, ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಇದನ್ನು ಫ್ಲೈ ಕಟ್ಟುವ ಮೊದಲೇ ಮಾಡಬೇಕು. ಒತ್ತುವಾಗ ತುದಿ ಮುರಿದರೆ ಒಂದು ಗಾಳ ಮಾತ್ರ ಹೋಗುತ್ತದೆ, ಅರ್ಧ ಗಂಟೆಯ ಕೆಲಸ ಹೋಗುವುದಿಲ್ಲ. ಮುಳ್ಳಿಲ್ಲದ ಗಾಳ ಮೈಗೆ ಬೀಳುವುದನ್ನು ತಪ್ಪಿಸುವುದಿಲ್ಲ, ನಿಜ. ಆದರೆ ಬಿದ್ದರೆ ಲೈನ್ ಸಡಿಲ ಬಿಟ್ಟ ಕೂಡಲೇ ಹೆಚ್ಚಿನ ಸಲ ತಾನೇ ಕಳಚಿಕೊಳ್ಳುತ್ತದೆ.

ಎರಡು ತುದಿ, ಮೂರು ತುದಿಯ ಗಾಳಗಳನ್ನು ಪಕ್ಕಕ್ಕೆ ಇಡಿ. ಒಂದು ತುದಿ ತಪ್ಪಿಸಿಕೊಂಡರೂ ಇನ್ನೊಂದು ಚುಚ್ಚುತ್ತದೆ.

ಗಾಳದ ತುದಿ ಮೇಲಿರಬೇಕಾ, ಕೆಳಗಿರಬೇಕಾ? ಭಾರ ಎಷ್ಟು ಹಾಕಬೇಕು?

ಈ ಎರಡು ಪ್ರಶ್ನೆಯನ್ನು ಬೇರೆ ಬೇರೆ ಮಾಡಿ ಕೇಳುವುದರಲ್ಲೇ ತೊಂದರೆ ಇದೆ. ಎರಡೂ ಒಂದೇ.

1980ರ ದಶಕದಲ್ಲಿ ಪೆನ್ಸಿಲ್ವೇನಿಯಾದ ಸಸ್ಕ್ವೆಹಾನಾ ನದಿಯ ಬಾಸ್ ಮೀನಿಗಾಗಿ ಬಾಬ್ ಕ್ಲೌಸರ್ ಒಂದು ಫ್ಲೈ ಕಟ್ಟಿದರು. ಕಡ್ಡಿಯ ಮೇಲ್ಭಾಗಕ್ಕೆ ಡಂಬೆಲ್ ಆಕಾರದ ಸೀಸದ ಕಣ್ಣು ಕಟ್ಟಿದರೆ, ನೀರಿನಲ್ಲಿ ಫ್ಲೈ ಮಗುಚಿ ಗಾಳದ ತುದಿ ಮೇಲಕ್ಕೆ ಬರುತ್ತದೆ. ತಳದ ಕಲ್ಲಿಗೆ ಸಿಕ್ಕಿಕೊಳ್ಳುವುದಿಲ್ಲ. ಬಹಳ ಜನ ಇದನ್ನೇ ಸಾಲ್ಮನ್‌ಗೂ ಕಟ್ಟಿ 'ತುದಿ ಮೇಲಿದೆ, ಹಾಗಾಗಿ ಮೈಗೆ ಬೀಳುವುದಿಲ್ಲ' ಎಂದುಕೊಳ್ಳುತ್ತಾರೆ.

ಸ್ವಲ್ಪ ಯೋಚಿಸಿ. ಸೀಸದ ಕಣ್ಣು ಫ್ಲೈಯನ್ನು ತಳಕ್ಕೆ ಎಳೆಯಿತು. ಮೀನು ತಳದಿಂದ ಒಂದು ಗೇಣು ಮೇಲೆ ನಿಂತಿದೆ. ಫ್ಲೈ ಈಗ ಅದರ ಹೊಟ್ಟೆಯ ಕೆಳಗೆ ಹಾದುಹೋಗುತ್ತಿದೆ, ತುದಿ ಮೇಲಕ್ಕೆ ನೋಡುತ್ತಿದೆ. ನೀವು ರಾಡ್ ಎತ್ತಿದಿರಿ. ಎಲ್ಲಿಗೆ ಚುಚ್ಚುತ್ತದೆ? ನನ್ನ ಅಂಗೈ ಮೇಲೆ ಬಿದ್ದ ಮೊಟ್ಟೆಗಳು ಇಂಥದ್ದೇ ಫ್ಲೈಯಿಂದ ಬಂದವು.

ತಿರುಗಿಸಿ ನೋಡಿ. ಭಾರವೇ ಇಲ್ಲದ, ತುದಿ ಕೆಳಗಿರುವ ಫ್ಲೈ ಬೆನ್ನಿನ ಮೇಲಿಂದ ಜಾರಿದರೆ ಗೂನಿಗೋ ಬೆನ್ನಿನ ರೆಕ್ಕೆಗೋ ತಗಲುತ್ತದೆ.

ಅಂದರೆ ಫ್ಲೈ ಮೀನಿನ ಮೇಲೆ ಹೋಗುವುದಾದರೆ ತುದಿ ಮೇಲಿರಬೇಕು. ಕೆಳಗೆ ಹೋಗಲೇಬಾರದು. ಇಷ್ಟು ಒಪ್ಪಿಕೊಂಡರೆ ಭಾರದ ಪ್ರಶ್ನೆಗೂ ಉತ್ತರ ಸಿಕ್ಕಿತು. ಫ್ಲೈಯನ್ನು ಮಗುಚುವಷ್ಟು ಭಾರ ಬೇಕು, ಮುಳುಗಿಸುವಷ್ಟು ಬೇಡ. ಲೈಟಿನ ಸ್ವಿಚ್ಚಿಗೆ ಕಟ್ಟಿರುವ ಸಣ್ಣ ಗುಂಡುಗಳ ಸರ ನೋಡಿದ್ದೀರಲ್ಲ, ಬೀಡ್ ಚೈನ್, ಅದರ ಎರಡು ಗುಂಡು ಸಾಕು. ಫ್ಲೈಯ ಮೈ ತೆಳ್ಳಗಿದ್ದರೆ ಅಷ್ಟಕ್ಕೇ ಮಗುಚುತ್ತದೆ. ಮೀನಿನ ಕಣ್ಣಿನ ಮಟ್ಟದಲ್ಲಿ, ಇಲ್ಲಾ ಅದಕ್ಕಿಂತ ಸ್ವಲ್ಪ ಮೇಲೆ ಈಜುತ್ತದೆ. ಬೇಕೆನಿಸಿದ ಮೀನು ಒಂದು ಅಡಿ ಮೇಲೆದ್ದು ಬಂದು ಹಿಡಿಯುತ್ತದೆ. ಬೇಡವೆನಿಸಿದ್ದು ಬರುವುದಿಲ್ಲ. ಸಂಖ್ಯೆ ಕಡಿಮೆಯಾಗಬಹುದು, ಆದರೆ ಬಂದದ್ದು ಹೆಚ್ಚಿನ ಸಲ ಬಾಯಿಗೇ ಬರುತ್ತದೆ.

ಬಾಲ ಉದ್ದ ಇದ್ದರೆ ಚೆನ್ನಾಗಿ ಆಡುತ್ತದೆ. ಉದ್ದ ಬಿಡಬಹುದಾ?

ಬೇಡ. ಪಿಂಕ್ ಮೀನು ಬಹಳ ಸಲ ಬಾಲದ ತುದಿಯನ್ನು ಚಿವುಟಿ ಬಿಡುತ್ತದೆ. ಗಾಳ ಒಂದು ಅಂಗುಲ ಮುಂದಿದೆ. ಕೈಗೆ ಚಿವುಟಿದ್ದು ಗೊತ್ತಾಗಿ ನೀವು ಎಳೆದರೆ, ಬಾಯಿಂದ ಜಾರಿದ ಫ್ಲೈ ನೇರ ಪಕ್ಕದ ಮೀನಿನ ಮೈಗೆ ಹಾರುತ್ತದೆ. ಬಾಲ ಗಾಳದ ಕಡ್ಡಿಯಷ್ಟೇ ಉದ್ದ ಇರಲಿ.

ಇದಕ್ಕೆ ಉತ್ತರವಾಗಿ ಕೆಲವರು ಬಾಲದ ಕೊನೆಯಲ್ಲಿ ದಾರದ ಕುಣಿಕೆಗೆ ಗಾಳ ತೂಗುಬಿಡುತ್ತಾರೆ. ಸ್ಟೀಲ್‌ಹೆಡ್ ಮೀನಿಗೆ ಕಟ್ಟುವ ಇಂಟ್ರೂಡರ್ ಫ್ಲೈಗಳು ಹೀಗೇ ಇರುತ್ತವೆ. ವಿಶಾಲ ನೀರಿನಲ್ಲಿ ಅಲ್ಲೊಂದು ಇಲ್ಲೊಂದು ಮೀನಿರುವಾಗ ಅದು ಒಳ್ಳೆಯ ಉಪಾಯ. ಹಿಂಡಿನಲ್ಲಿ ಅಲ್ಲ. ಸಡಿಲ ಕುಣಿಕೆಯ ಗಾಳ ಹರಿವಿಗೆ ಸಿಕ್ಕು ಅತ್ತಿತ್ತ ತೂಗುತ್ತದೆ, ತೂಗಿದ ಕಡೆಯೆಲ್ಲ ಮೈ ಇದೆ. ಕಟ್ಟಲೇಬೇಕೆಂದರೆ ಕುಣಿಕೆ ಗಿಡ್ಡ ಇರಲಿ, ದಾರ ಬಿರುಸಾಗಿರಲಿ, ಗಾಳ ಜೋತುಬೀಳಬಾರದು.

ನೀವು ಕಟ್ಟುವ ಫ್ಲೈ ಯಾವುದು? ಹಂತ ಹಂತವಾಗಿ ಹೇಳಿ.

ಇದಕ್ಕೆ ಹೆಸರಿಲ್ಲ. ನನ್ನ ಮಗಳು 'ಗುಲಾಬಿ ಸೀಗಡಿ' ಎನ್ನುತ್ತಾಳೆ, ಅದೇ ಇರಲಿ.

ಬಾರ್ಬ್ ಒತ್ತಿದ 8 ನಂಬರ್ ಗಾಳವನ್ನು ವೈಸ್‌ಗೆ, ಅಂದರೆ ಗಾಳವನ್ನು ಬಿಗಿಯಾಗಿ ಹಿಡಿದಿಡುವ ಉಪಕರಣಕ್ಕೆ, ಸಿಕ್ಕಿಸಿ. ಗುಲಾಬಿ ದಾರವನ್ನು ಲೈನ್ ಕಟ್ಟುವ ಉಂಗುರದ ಹಿಂದಿನಿಂದ ಬಾಗಿನವರೆಗೆ ಸುತ್ತಿ. ಉಂಗುರದಿಂದ ಎರಡು ಮಿಲಿಮೀಟರ್ ಹಿಂದೆ, ಕಡ್ಡಿಯ ಮೇಲ್ಭಾಗದಲ್ಲಿ ಬೀಡ್ ಚೈನಿನ ಎರಡು ಗುಂಡನ್ನು ಅಡ್ಡ ಇಟ್ಟು, ಎಂಟರ ಆಕಾರದಲ್ಲಿ ದಾರ ಹಾಯಿಸಿ ಬಿಗಿ ಮಾಡಿ. ಬೆರಳಿನಿಂದ ತಿರುಗಿಸಿ ನೋಡಿ. ಅಲುಗಾಡಿದರೆ ಇನ್ನೂ ನಾಲ್ಕು ಸುತ್ತು. ಇಲ್ಲಿ ಸಡಿಲ ಬಿಟ್ಟರೆ ಎರಡು ಸಲ ಎಸೆಯುವಷ್ಟರಲ್ಲಿ ಗುಂಡು ಪಕ್ಕಕ್ಕೆ ವಾಲಿ ಫ್ಲೈ ಓರೆಯಾಗಿ ಈಜುತ್ತದೆ.

ಬಾಲಕ್ಕೆ ಗುಲಾಬಿ ಮರಬೂ. ಇದು ಟರ್ಕಿ ಕೋಳಿಯ ಮೆತ್ತನೆಯ ಗರಿ, ಒಣಗಿದಾಗ ಹತ್ತಿಯ ಹಾಗೆ ಉಬ್ಬಿರುತ್ತದೆ, ನೆನೆದರೆ ಬತ್ತಿಯ ಹಾಗೆ ಆಗುತ್ತದೆ. ಆದ್ದರಿಂದ ಒದ್ದೆ ಬೆರಳಲ್ಲಿ ಹಿಡಿದು ಅಳೆಯಿರಿ. ಉದ್ದವಾದರೆ ಕತ್ತರಿ ಬೇಡ, ಉಗುರಿನಿಂದ ಚಿವುಟಿ. ಕತ್ತರಿಸಿದ ತುದಿ ಪೊರಕೆಯಂತೆ ಬಿರುಸಾಗಿ ನಿಲ್ಲುತ್ತದೆ, ಚಿವುಟಿದ್ದು ನೀರಲ್ಲಿ ಉಸಿರಾಡಿದ ಹಾಗೆ ಆಡುತ್ತದೆ. ಬೇಕಾದರೆ ಮಿಂಚುವ ಎಳೆ ಎರಡು, ಜಾಸ್ತಿ ಬೇಡ.

ಫ್ಲೈಯ ಮೈಗೆ ತೆಳ್ಳನೆಯ ಗುಲಾಬಿ ಶೆನೀಲ್, ಅಂದರೆ ಮೆತ್ತನೆಯ ಜುಂಗಿನ ದಾರ, ಸುತ್ತಿ, ಗುಂಡಿನ ಹಿಂದೆ ನಿಲ್ಲಿಸಿ. ಈಗ ಗಾಳವನ್ನು ವೈಸ್‌ನಲ್ಲಿ ತಲೆಕೆಳಗೆ ಮಾಡಿ. ಇದೇ ಮುಖ್ಯ ಭಾಗ. ಜಿಂಕೆ ಬಾಲದ ಕೂದಲು ಹದಿನೈದು ಇಪ್ಪತ್ತು ಎಳೆ ತೆಗೆದುಕೊಳ್ಳಿ. ಕೂದಲು ಗಾಳದ ತುದಿ ಇರುವ ಕಡೆಗೇ ಬರಬೇಕು, ತುದಿಯ ಎರಡೂ ಪಕ್ಕಕ್ಕೆ ಹರಡಿ, ಬಾಗನ್ನು ಸ್ವಲ್ಪವೇ ದಾಟಬೇಕು. ಮೇಲಿನಿಂದ ನೋಡಿದರೆ ತುದಿ ಕೂದಲಿನ ಸಂದಿಯಲ್ಲಿ ಅಡಗಿ ಕೂತ ಹಾಗೆ ಕಾಣಬೇಕು. ಜಿಂಕೆ ಕೂದಲು ತೇಲುವುದರಿಂದ ಫ್ಲೈ ಮಗುಚಿಕೊಳ್ಳಲೂ ಇದು ಸಹಾಯ ಮಾಡುತ್ತದೆ. ಗಂಟು ಹಾಕಿ, ಉಗುರಿನ ಪಾಲಿಶ್ ಒಂದು ಹನಿ ಬಿಡಿ. ಆಯಿತು.

ಬಣ್ಣದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಪಿಂಕ್‌ಗೆ ಗುಲಾಬಿ. ಚಮ್ ಸಾಲ್ಮನ್‌ಗೆ ಇದನ್ನೇ ನೇರಳೆ ಅಥವಾ ಗಿಳಿಹಸಿರಿನಲ್ಲಿ ಸ್ವಲ್ಪ ದೊಡ್ಡದಾಗಿ ಕಟ್ಟಿ.

ತುದಿಗೆ ದಾರದ ತಡೆ ಹಾಕಬಹುದು ಅಂತ ಕೇಳಿದ್ದೇನೆ. ಅದು ಏನು?

ಕೆರೆಯ ಜೊಂಡಿನಲ್ಲಿ ಬಾಸ್ ಹಿಡಿಯುವವರ ಉಪಾಯ ಅದು. 0.3ರಿಂದ 0.4 ಮಿಲಿಮೀಟರ್ ದಪ್ಪದ ನೈಲಾನ್ ದಾರವನ್ನು ಬಾಗಿನ ಹತ್ತಿರ ಕಟ್ಟಿ, ತುದಿಯ ಮುಂದಿನಿಂದ ಬಳಸಿ ತಂದು ಉಂಗುರದ ಹಿಂದೆ ಕಟ್ಟುತ್ತಾರೆ. ತುದಿಯ ಮುಂದೆ ಒಂದು ಬಳೆ ಆದಂತೆ. ಫ್ಲೈ ಬೆನ್ನ ಮೇಲೆ ಜಾರಿದರೆ ಬಳೆ ಮೊದಲು ತಗಲಿ ಗಾಳವನ್ನು ಆಚೆ ತಳ್ಳುತ್ತದೆ. ಮೀನು ದವಡೆ ಮುಚ್ಚಿ ಕಚ್ಚಿದರೆ ಬಳೆ ಬಾಗಿ ತುದಿ ಹೊರಬರುತ್ತದೆ. ದಾರ ತೀರಾ ದಪ್ಪವಾದರೆ ಬಾಯಿಗೂ ಸಿಕ್ಕುವುದಿಲ್ಲ. ಬೆರಳ ತುದಿಯಿಂದ ಮೆಲ್ಲಗೆ ಒತ್ತಿದರೆ ಬಾಗಬೇಕು. ಹಿಂಡು ತೀರಾ ದಟ್ಟವಾಗಿದ್ದ ದಿನ ನಾನು ಇಂಥದ್ದನ್ನು ಕಟ್ಟುತ್ತೇನೆ.

ಟ್ಯೂಬ್ ಫ್ಲೈ?

ಚೆನ್ನಾಗಿಯೇ ಇರುತ್ತದೆ. ಗರಿ, ಕೂದಲು ಎಲ್ಲ ಒಂದು ಸಣ್ಣ ಪ್ಲಾಸ್ಟಿಕ್ ಕೊಳವೆಯ ಮೇಲೆ. ಲೈನ್ ಅದರೊಳಗಿಂದ ಹಾದು ಕೊನೆಯಲ್ಲಿ ಬೇರೆ ಗಾಳ. ಸ್ಕಾಟ್ಲೆಂಡಿನ ಆಬರ್ಡೀನ್‌ನಲ್ಲಿ ಫ್ಲೈ ಕಟ್ಟುವ ಕೆಲಸದಲ್ಲಿದ್ದ ವಿನ್ನಿ ಮೊರಾವ್ಸ್ಕಿ ಎಂಬಾಕೆ 1940ರ ದಶಕದಲ್ಲಿ ಇದನ್ನು ಶುರು ಮಾಡಿದರು ಎನ್ನುತ್ತಾರೆ. ನಮಗೆ ಇದರಲ್ಲಿ ಎರಡು ಅನುಕೂಲ. ಫ್ಲೈ ಎಷ್ಟು ಉದ್ದವಿದ್ದರೂ ಗಾಳ ಸಣ್ಣದೇ ಹಾಕಬಹುದು. ಕೊಳವೆಯ ಹಿಂದಿನ ಮೆತ್ತನೆಯ ರಬ್ಬರಿಗೆ ಗಾಳ ಸಿಕ್ಕಿಸುವಾಗ ತುದಿಯನ್ನು ಮೇಲೆ ಬೇಕೋ ಕೆಳಗೆ ಬೇಕೋ ಹಾಗೆ ತಿರುಗಿಸಿ ಇಡಬಹುದು. ರಬ್ಬರ್ ಬಿಗಿಯಾಗಿರಲಿ, ಇಲ್ಲದಿದ್ದರೆ ಗಾಳ ತೂಗಾಡುತ್ತದೆ.

ಕಟ್ಟಿದ ಫ್ಲೈ ಸರಿಯಾಗಿದೆಯೋ ಇಲ್ಲವೋ ಮನೆಯಲ್ಲೇ ನೋಡಬಹುದಾ?

ನೋಡಲೇಬೇಕು. ಬಕೆಟ್ ತುಂಬ ನೀರು ಹಿಡಿದು, ಮರಬೂ ಪೂರ್ತಿ ನೆನೆಯುವವರೆಗೆ ಹಿಂಡಿ, ಲೈನ್ ಕಟ್ಟಿ ಮೆಲ್ಲಗೆ ಎಳೆಯಿರಿ. ತುದಿ ಮೇಲೆ ಬಂತಾ? ಓರೆಯಾದರೆ ಗುಂಡು ವಾಲಿದೆ, ಇಲ್ಲಾ ಕೂದಲು ಒಂದೇ ಪಕ್ಕಕ್ಕೆ ಬಿದ್ದಿದೆ.

ಆಮೇಲೆ ಟವೆಲ್ ಪರೀಕ್ಷೆ. ದೊಡ್ಡ ಬಾಟಲಿಗೆ ಒದ್ದೆ ಟವೆಲ್ ಬಿಗಿಯಾಗಿ ಸುತ್ತಿ. ಅದೇ ಮೀನಿನ ಮೈ ಎಂದುಕೊಳ್ಳಿ. ಲೈನನ್ನು ಅದರ ಮೇಲೆ ಅಡ್ಡ ಹಾಕಿ, ನದಿಯಲ್ಲಿ ಬರುವ ವೇಗದಲ್ಲಿ ಎಳೆಯಿರಿ. ಫ್ಲೈ ಜಾರಿ ಹೋಗಬೇಕು. ಅಂಗಡಿಯಿಂದ ತಂದ ಅಗಲ ಬಾಯಿಯ ಫ್ಲೈ ಒಂದನ್ನೂ ಪಕ್ಕದಲ್ಲಿಟ್ಟುಕೊಂಡು ಎಳೆದು ನೋಡಿ. ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಮೂರನೆಯ ಎಳೆತಕ್ಕೆಲ್ಲ ಅದು ಟವೆಲಿನ ಎಳೆ ಕಿತ್ತುಕೊಂಡು ಬಂದಿರುತ್ತದೆ.

ಲೀಡರ್, ಅಂದರೆ ಲೈನಿಗೂ ಫ್ಲೈಗೂ ನಡುವಿನ ತೆಳ್ಳನೆಯ ದಾರ, ಎಷ್ಟು ಉದ್ದ ಇರಬೇಕು?

ಗಿಡ್ಡ. ಮುಳುಗುವ ತುದಿಯ ಲೈನ್ ಆದರೆ 60ರಿಂದ 90 ಸೆಂಟಿಮೀಟರ್. ಉದ್ದ ಲೀಡರ್, ತಳದಲ್ಲಿ ಉರುಳುವ ಭಾರ, ಹಿಂದೆ ಸಣ್ಣ ಫ್ಲೈ: ಈ ಮೂರೂ ಸೇರಿದರೆ ಅದು ಹಿಂಡಿನ ಮೇಲೆ ಎಳೆಯುವ ಹಗ್ಗವೇ ಸರಿ. ಲೈನ್ ಕೂಡ ನಿಧಾನ ಮುಳುಗುವಂಥದ್ದು ಇರಲಿ. ಫ್ಲೈ ಮೀನಿನ ಮೇಲಿದ್ದು ಲೈನ್ ಮಾತ್ರ ಮೀನುಗಳ ನಡುವೆ ಹೋದರೆ ಏನೂ ಉಪಯೋಗವಾಗಲಿಲ್ಲ.

ಫ್ಲಾಸಿಂಗ್ ಅಂದರೆ ಇದೇನಾ? ಮೀನು ಬಾಯಿಗೇ ಸಿಕ್ಕಿರುತ್ತದಲ್ಲ?

ಸಾಲ್ಮನ್ ಉಸಿರಾಡುವಾಗ ಬಾಯಿ ತೆರೆದು ಮುಚ್ಚಿ ಮಾಡುತ್ತದೆ. ಉದ್ದ ಲೀಡರ್ ತೆರೆದ ಬಾಯಿಯೊಳಗೆ ಹಾದು, ಹಲ್ಲಿನ ಸಂದಿಯ ದಾರದ ಹಾಗೆ ಜಾರಿ, ಕೊನೆಗೆ ಗಾಳ ದವಡೆಯ ಹೊರಗಿನಿಂದ ಚುಚ್ಚುತ್ತದೆ. ಅದಕ್ಕೇ ಆ ಹೆಸರು. ಸಾಕೈ ಸಾಲ್ಮನ್ ಸಮುದ್ರದಲ್ಲಿ ಬಹುಪಾಲು ಸಣ್ಣ ಪ್ಲವಕ ಜೀವಿಗಳನ್ನು ತಿಂದು ಬೆಳೆದ ಮೀನು, ನದಿಯಲ್ಲಿ ಫ್ಲೈಗೆ ಬಾಯಿ ಹಾಕುವುದು ಅಪರೂಪ. ಕೀನಾಯ್, ರಷ್ಯನ್ ನದಿಗಳ ಸಂಗಮದಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತು ಹಿಡಿಯುವ ಸಾಕೈಗಳಲ್ಲಿ ಹೆಚ್ಚಿನವು ಹೀಗೇ ಸಿಗುತ್ತವೆ. ಗಾಳ ಬಾಯಿಗೆ ಬಿದ್ದಿರುವುದರಿಂದ ಅಲ್ಲಿ ಅದನ್ನು ಇಟ್ಟುಕೊಳ್ಳಬಹುದು. ಊಟಕ್ಕೆ ಮೀನು ಬೇಕಾದವರು ನಿಯಮದೊಳಗೆ ಹಾಗೆ ಹಿಡಿದರೆ ನಾನು ಬೇಡ ಅನ್ನುವುದಿಲ್ಲ. ಆದರೆ ಬಾಯಿ ತಪ್ಪಿದ ಲೈನ್ ಪಕ್ಕದ ಮೀನಿನ ಹೊಟ್ಟೆಗೆ ಹೋಗುತ್ತದೆ ಎನ್ನುವುದು ಅಷ್ಟೇ ನಿಜ. ಆದ್ದರಿಂದ ನಾನು ಸಾಕೈ ಹಿಂಡಿಗೆ ಫ್ಲೈ ಹಾಕುವುದಿಲ್ಲ. ಪಿಂಕ್, ಕೋಹೋ, ಚಮ್ ತಾವಾಗಿ ಬಂದು ಕಚ್ಚುತ್ತವೆ. ಅದರಲ್ಲೂ ನಿಂತ ನೀರಿನಲ್ಲಿ ತಡೆತಡೆದು ಎಳೆಯುವ ಫ್ಲೈಯನ್ನು ಕೋಹೋ ಅಟ್ಟಿಸಿಕೊಂಡು ಬರುವುದು ನೋಡುವುದೇ ಒಂದು ಭಾಗ್ಯ.

ಯಾವಾಗ ಎಳೆಯಬೇಕು?

ಊರಲ್ಲಿ ಬೆಂಡು ಮುಳುಗಿತೋ, ಎಳೆ. ಆ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಲೈನ್ ತಡೆದ ಹಾಗಾದರೆ, ಏನೋ ತಗಲಿದ ಹಾಗಾದರೆ ಸುಮ್ಮನಿರಿ. ರಾಡ್ ಎತ್ತಬೇಡಿ. ಎಡಗೈಯಲ್ಲಿ ಲೈನನ್ನು ಒಂದು ಗೇಣು ಮೆಲ್ಲಗೆ ಎಳೆದು ನೋಡಿ. ಕಚ್ಚಿದ ಮೀನು ತಲೆ ಒದರುತ್ತದೆ. ಟಕ್, ಟಕ್ ಎಂದು ಕೈಗೆ ಬರುತ್ತದೆ. ಆಗ ಬಿಗಿ ಮಾಡಿ. ಜಾರಿದ ಹಾಗೆ, ಉಜ್ಜಿದ ಹಾಗೆ ಇದ್ದರೆ ಅದು ಮೈ. ಲೈನ್ ಸಡಿಲ ಬಿಡಿ, ಫ್ಲೈ ದಾಟಿ ಹೋಗಲಿ.

ನಾಲ್ಕೈದು ಸಲ ಎಸೆದ ಮೇಲೆ ಗಾಳವನ್ನು ಕೈಗೆ ತಂದು ತುದಿ ನೋಡಿ. ನಾನು ತಪ್ಪದೆ ಮಾಡುವ ಕೆಲಸ ಇದು. ಬಿಸಿಲಿಗೆ ಹಿಡಿದರೆ ಕೆಲವು ಸಲ ತುದಿಯಲ್ಲಿ ಒಂದು ಹುರುಪೆ ಅಂಟಿರುತ್ತದೆ. ಮಸೂರ ಬೇಳೆಗಿಂತ ಸಣ್ಣದು, ಅಂಚಿನಲ್ಲಿ ಬೆಳ್ಳಿಯ ಹೊಳಪು. ನಿಮಗೆ ಏನೂ ತಗಲಿದ್ದು ಗೊತ್ತೇ ಆಗಿರುವುದಿಲ್ಲ, ಆದರೆ ಫ್ಲೈ ಯಾರದೋ ಮೈ ಕೆರೆದುಕೊಂಡು ಬಂದಿದೆ. ಹುರುಪೆ ಕಂಡರೆ ಅಲ್ಲಿ ಇನ್ನೊಂದು ಸಲ ಎಸೆಯಬೇಡಿ. ಆಳ ಕಡಿಮೆ ಮಾಡಿ, ಇಲ್ಲಾ ಜಾಗ ಬಿಡಿ.

ಮೈಗೆ ಬಿದ್ದಿದೆ ಅಂತ ಹೇಗೆ ತಿಳಿಯುತ್ತದೆ? ಆಗ ಏನು ಮಾಡಬೇಕು?

ತಲೆ ಒದರುವುದಿಲ್ಲ. ಒಂದೇ ಸಮನೆ ಹರಿವಿನ ಜೊತೆ ಕೆಳಗೆ ಓಡುತ್ತದೆ, ಮೀನಿನ ಗಾತ್ರಕ್ಕೆ ಮೀರಿದ ಭಾರ. ಕೂಡಲೇ ಲೈನ್ ಪೂರ್ತಿ ಸಡಿಲ ಬಿಡಿ. ಬಾರ್ಬ್ ಇಲ್ಲದಿದ್ದರೆ ಹೆಚ್ಚಿನ ಸಲ ಕಳಚುತ್ತದೆ. ಕಳಚದಿದ್ದರೆ ರಾಡನ್ನು ನೇರ ಮೀನಿನ ಕಡೆಗೆ ಹಿಡಿದು, ರೀಲ್ ಒತ್ತಿ ಹಿಡಿದು ಲೈನ್ ತುಂಡಾಗಲು ಬಿಡಿ. ಒಂದು ಫ್ಲೈ ಹೋಯಿತು, ಹೋಗಲಿ. ಮೀನು ಆಗಲೇ ಹತ್ತಿರ ಬಂದಿದ್ದರೆ ಕೈ ಒದ್ದೆ ಮಾಡಿಕೊಂಡು, ನೀರಿನಿಂದ ಎತ್ತದೆ, ಇಕ್ಕಳದಲ್ಲಿ ಗಾಳ ಹಿಡಿದು ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿಸಿ. ಫೋಟೋ ಬೇಡ.

ಕಾನೂನು ಏನು ಹೇಳುತ್ತದೆ?

ನದಿಯಿಂದ ನದಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಹೋಗುವ ಮುಂಚೆ ಆ ರಾಜ್ಯದ ಮೀನು ಇಲಾಖೆಯ ಆ ವರ್ಷದ ನಿಯಮ ಓದಲೇಬೇಕು. ಅಂದಾಜಿಗೆ ಹೇಳುವುದಾದರೆ: ಅಲಾಸ್ಕಾದ ಸಿಹಿನೀರಿನಲ್ಲಿ ಬಾಯಿ ಬಿಟ್ಟು ಬೇರೆಲ್ಲಿ ಗಾಳ ಬಿದ್ದರೂ ಮೀನನ್ನು ಆ ಕ್ಷಣ ಬಿಡಬೇಕು. ರಷ್ಯನ್ ನದಿಯಲ್ಲಿ ಫ್ಲೈಗೆ ಭಾರ ಕಟ್ಟುವ ಹಾಗಿಲ್ಲ, ಲೈನಿಗೆ ಹಾಕುವ ಭಾರ ಫ್ಲೈಯಿಂದ ಕನಿಷ್ಠ 18 ಅಂಗುಲ ಮೇಲಿರಬೇಕು. ಅಲ್ಲಿ ನನ್ನ ಬೀಡ್ ಚೈನ್ ಕೂಡ ನಡೆಯುವುದಿಲ್ಲ ಎಂದೇ ಇಟ್ಟುಕೊಳ್ಳಿ. ಬ್ರಿಟಿಷ್ ಕೊಲಂಬಿಯಾದ ಹೊಳೆಗಳಲ್ಲಿ ಬಾರ್ಬ್ ಇಲ್ಲದ ಒಂಟಿ ಗಾಳ ಕಡ್ಡಾಯ. ಕೆನಡಾದ ಪೂರ್ವದಲ್ಲಿ, ನ್ಯೂ ಬ್ರನ್ಸ್‌ವಿಕ್ ಕಡೆ, ಅಟ್ಲಾಂಟಿಕ್ ಸಾಲ್ಮನ್‌ಗೆ ಹಾಕುವ ಫ್ಲೈಗೆ ಭಾರವನ್ನೇ ಸೇರಿಸಬಾರದು.

ನಾನು ಸಸ್ಯಾಹಾರಿ. ಹಿಡಿದು ಬಿಡುವುದಕ್ಕೋಸ್ಕರ ಮಾತ್ರ ಹೋಗುತ್ತೇನೆ. ಅದು ಸರಿಯಾ?

ಅದನ್ನು ನಿಮ್ಮ ಮನಸ್ಸು ತೀರ್ಮಾನಿಸಬೇಕು. ನಾನು ಹೇಳಬಹುದಾದ್ದು ಇಷ್ಟು: ಬಿಡುವವರೇ ಈ ವಿಷಯದಲ್ಲಿ ಜಾಸ್ತಿ ಎಚ್ಚರ ವಹಿಸಬೇಕು. ತಿನ್ನುವವರು ಮಿತಿಯಷ್ಟು ಹಿಡಿದು ಮನೆಗೆ ಹೋಗುತ್ತಾರೆ. ಬಿಡುವವರು ದಿನವಿಡೀ ನಿಂತು ನಲವತ್ತು ಮೀನು ಮುಟ್ಟಬಹುದು. ಎರಡೋ ಮೂರೋ ಮೀನಿಗೆ ನಿಲ್ಲಿಸಿ. ನೀರು 20 ಡಿಗ್ರಿ ಸಮೀಪ ಬಿಸಿಯಾಗಿದ್ದರೆ ಗಾಳ ಹಾಕಬೇಡಿ, ಅಂಥ ನೀರಿನಲ್ಲಿ ಬಿಟ್ಟ ಮೀನು ಚೇತರಿಸಿಕೊಳ್ಳುವುದು ಕಷ್ಟ. ತಳದ ಜಲ್ಲಿ ಒಂದು ಕಡೆ ಮಾತ್ರ ತಿಕ್ಕಿ ತೊಳೆದ ಹಾಗೆ ಬೆಳ್ಳಗೆ ಕಂಡರೆ ಅದು ಮೊಟ್ಟೆಯ ಗೂಡು. ಅಲ್ಲಿ ಎಸೆಯುವುದೂ ಬೇಡ, ಕಾಲಿಡುವುದೂ ಬೇಡ.

ಪೆಟ್ಟಿಗೆ ತುಂಬ ಹಳೆಯ ಫ್ಲೈ ಇವೆ. ಎಲ್ಲ ಬಿಸಾಡಬೇಕಾ?

ಬೇಡ. ಬಾರ್ಬ್‌ಗಳನ್ನು ಒತ್ತಿ. ಬಾಲಗಳನ್ನು ಚಿವುಟಿ ಗಿಡ್ಡ ಮಾಡಿ. ಸೀಸದ ಕಣ್ಣಿನ ದಾರ ಕತ್ತರಿಸಿ ಕಣ್ಣು ತೆಗೆದು, ಆ ಜಾಗಕ್ಕೆ ಬೀಡ್ ಚೈನ್ ಕಟ್ಟಿ. ಮೂರು ತುದಿಯ ಗಾಳದಲ್ಲಿ ಎರಡು ತುದಿಯನ್ನು ತಂತಿ ಕತ್ತರಿಸುವ ಇಕ್ಕಳದಿಂದ ಬಾಗಿನ ಹತ್ತಿರವೇ ತುಂಡು ಮಾಡಿ. ಆಗ ಕನ್ನಡಕ ಹಾಕಿಕೊಂಡಿರಿ, ತುಂಡು ಕಣ್ಣಿಗೆ ಸಿಡಿಯುತ್ತದೆ. ಸ್ಕೇಲಿನಲ್ಲಿ ಅಳೆದಾಗ ಬಾಯಿ 9.5 ಮಿಲಿಮೀಟರ್ ದಾಟಿದ್ದು ಮಾತ್ರ ಬೇರೆ ಇಡಿ. ಬ್ಲೇಡಿನಿಂದ ಗರಿ ಕೂದಲು ಬಿಡಿಸಿಕೊಂಡರೆ ಮುಂದಿನ ಫ್ಲೈಗೆ ಆಗುತ್ತವೆ. ಉಳಿದ ಗಾಳಗಳನ್ನು ಬರಿಗೈಯಲ್ಲಿ ಕಸಕ್ಕೆ ಹಾಕಬೇಡಿ, ಮುಚ್ಚಳವಿರುವ ಡಬ್ಬಿಗೆ ಹಾಕಿ ಟೇಪ್ ಸುತ್ತಿ.